ಹುಳ ತಿಂದ ಟಮಾಟಿ, ಕಾಕುನ ಕೈಗುಣ

ಇವತ್ತ ಮುಂಜಾನಿ ಟಮಾಟಿ ಗಿಡದಾಗ ಕೈ ಹಾಕಿ ಹುಳ ಆರಿಸಿದೆ. ಎರಡ ಸಲ ಸಾಬಾಣ ಹಚ್ಚಿ ತೊಳಕೊಂಡ್ರೂ ಬೆರಳಿಗೆ ಆ ಎಲಿ ವಾಸನಿ ಹಂಗ ಐತಿ. ಚಹಾದ ಕಪ್ಪು ಬಾಯಿಗೆ ತಂದ್ರ ಚಹಾದ ವಾಸನಿ ಇಲ್ಲ, ಬರೇ ಅದ ಹಸರ ಘಾಟು... ಕಾಕುನ ಸೆರಗಿಗೂ ಇದ ವಾಸನಿ ಇರ್ತಿತ್ತು.

ಈಗ ನಾ ಜಮಖಂಡ್ಯಾಗ ಅದೇನಿ. ಆಗ ನೌಕರಿ ಸಲುವಾಗಿ ಬನಹಟ್ಟ್ಯಾಗ ಬಾಡಿಗಿ ಮನ್ಯಾಗ ಇದ್ದೆ. ಕಾಕು ಅಂದ್ರ ನಮ್ಮ ಬಾಜೂ ಮನಿಯಾಕಿ. ಕಾಕಾ ಮಗ್ಗ ನಡಸ್ತಿದ್ದ, ದಿನಾ ಖಟಾಖಟ್ ಸಪ್ಪಳ. ಮಕ್ಕಳಿರಲಿಲ್ಲ ಅವರಿಗೆ. ಕಾಕು ನೂಲಿನ ಬಣ್ಣದ ಖಾಲಿ ಡಬ್ಬಿಯೊಳಗ ಮಣ್ಣ ತುಂಬಿ, ಮಾಳಗಿ ಮ್ಯಾಲ ಟಮಾಟಿ ಹಚ್ಚಿದ್ಲು. ಹರಕ ನೂಲಿಲೆ ಗಿಡಾ ಎತ್ತಿ ಕಟ್ಟತಿದ್ಲು.

ಯಾಕ ಹಚ್ಚಿದ್ಲು ಕೇಳ್ರಿ. ಕಾಕಾನ ಅಕ್ಕ ಒಬ್ಬಾಕಿ ಲೋಕಾಪುರದಾಗ ಇದ್ಲು. ಬಂದಾಗೊಮ್ಮೆ ಅದ ಮಾತು: "ಇಕಿ ಕೈಗುಣ ಛಲೋ ಇಲ್ಲವಾ. ಇಕಿ ಹಚ್ಚಿದ್ದ ಯಾವದೂ ಹಣ್ಣಾಗಂಗಿಲ್ಲ." ಆ ಮಾತು ಗಿಡದ್ದಲ್ಲ ಅಂತ ಓಣಿಗೆಲ್ಲ ಗೊತ್ತಿತ್ತು. ಮಕ್ಕಳಿಲ್ಲದಾಕಿಗೆ ಚುಚ್ಚಿದ್ದದು. ಕಾಕು ತಿರುಗಿ ಮಾತಾಡಾಕಿ ಅಲ್ಲ. ಹುಳ ಮುಟ್ಟದ ಕೆಂಪನ್ನ ಹಣ್ಣ ಒಂದ, ತನ್ನ ಗಿಡದ್ದು, ಆ ಅಕ್ಕನ ತಾಟಿಗೆ ಹೆಚ್ಚಿ ಹಾಕಬೇಕು. ಅಷ್ಟ ಹಟ.

ಆ ಸುಡಗಾಡ ಹುಳ ಬಿಡಬೇಕಲ್ಲ! ಮೊದಲ ಬಿಳಿ ನೊಣ ಬಂದು ಎಲಿ ಎಲ್ಲಾ ಮುದುಡಿಸಿದ್ವು. ಆ ಗಿಡಾ ಕಿತ್ತ ಒಗದು ಮತ್ತ ಹಚ್ಚಿದ್ಲು. ಈ ಸಲ ಕಾಯಿ ಹಿಡದ್ವು, ಪ್ಯಾಟಿ ಕಾಯಿಗಿಂತ ಚೆಂದ. ಆಗ ಬಂತ ನೋಡ್ರಿ ಕಾಯಿ ಕೊರಿಯೋ ಹಸರ ಹುಳ. ತಲಿ ಒಳಗ, ಕುಂಡಿ ಹೊರಗ, ಆರಾಮ ಉಣ್ಣಾಕತ್ತಿರ್ತಿತ್ತು. ಬೂದಿ ಉದುರಿಸಿದ್ಲು. ಬೇವಿನ ಎಣ್ಣಿ ಹೊಡದ್ಲು. ಒಂದಿನ ತಂಬಾಕ ನೆನಸಿ ಆ ನೀರೂ ಹೊಡದ್ಲು.

"ಲೇ, ನನ್ನ ತಂಬಾಕ ಎಲ್ಲೈತಿ?" ಕಾಕಾ ಒದರಿದ.

"ಹುಳಕ್ಕ ಹಾಕೇನ್ರಿ. ನೀವೂ ಬಿಡ್ರಿ ಇನ್ನ."

ಕಾಕಾನೂ ಬಿಡಲಿಲ್ಲ, ಹುಳಾನೂ ಬಿಡಲಿಲ್ಲ.

ಕಡೀಕ ಒಂದ ಕಾಯಿಗೆ ಹಳೆ ಸೀರಿ ಚೂರಿನ ಚೀಲಾ ಹೊಲದು ಕಟ್ಟಿದ್ಲು. "ಇದೊಂದ ಉಳದ್ರ ಸಾಕ ನೋಡ ತಮ್ಮಾ" ಅಂದ್ಲು. ದಿನಾ ಹೋಗಿ ಚೀಲಾ ಬಿಚ್ಚಿ ನೋಡೂದು, ಕಟ್ಟೂದು. ಕಾಯಿ ಕೆಂಪಾತು. ಲೋಕಾಪುರದಾಕೀನೂ ಬಂದ್ಲು. ನನ್ನೂ ಊಟಕ್ಕ ಕರದಿದ್ರು. ರೊಟ್ಟಿ, ಝುಣಕಾ ನೀಡಿ, ಕಾಕು ಆ ಹಣ್ಣ ತಂದು, "ಅಕ್ಕಾರ, ನಾ ಹಚ್ಚಿದ್ದರಿ ಇದು" ಅಂತ ಆಕಿ ಮುಂದನ ಹೆಚ್ಚಿದ್ಲು.

ಒಳಗ ಹುಳ...

ಚೀಲಾ ಕಟ್ಟೂಕಿಂತ ಮೊದಲ ತೊಟ್ಟಿನ ಬುಡಕ್ಕ ಹೊಕ್ಕ ಕುಂತಿತ್ತು ಹಲ್ಕಟ್ಟು.

"ನಾ ಏನ ಅಂದಿದ್ದೆ?" ಅಂದ್ಲು ಆಕಿ. ಅಷ್ಟ. ಕಾಕು ಹಣ್ಣ ಎತಗೊಂಡು ಒಳಗ ಹ್ವಾದ್ಲು. ಮರುದಿನ ನೋಡಿದ್ರ ಡಬ್ಬಿಗೆ ಮತ್ತ ಬೀಜಾ ಹಾಕಾಕತ್ತಿದ್ಲು.

ಆಮ್ಯಾಲ ನನಗ ಇಲ್ಲಿಗೆ ವರ್ಗ ಆತು. ಹ್ವಾದ ವರ್ಷ ಕಾಕು ತೀರಿಕೊಂಡ್ಲು, ಮಣ್ಣಿಗೆ ಹೋಗಿದ್ದೆ. ಲೋಕಾಪುರದಾಕಿ ಹೆಣದ ಮಗ್ಗಲಕ ಕುಂತು ಅಳಾಕತ್ತಿದ್ಲು. ಅಳಕೋಂತನ ಅಂದ್ಲು, "ಎಲ್ಲಾ ಛಲೋ ಇತ್ತವಾ ಇಕಿದು, ಕೈಗುಣ ಒಂದ ಬಿಟ್ಟು..."

ನನಗ ತಡಕೊಳ್ಳಾಕ ಆಗಲಿಲ್ಲ. "ಅದು ಹುಳ ರೀ ಅಕ್ಕಾರ! ಅವರ ಕೈ ಅಲ್ಲ" ಅಂದೆ. ಮಂದಿ ಎಲ್ಲಾ ತಿರುಗಿ ನನ್ನ ನೋಡಿದ್ರು. ಈ ಮಾತ ಕೇಳಬೇಕಾದ ಕಾಕು ಮಾತ್ರ ಕಣ್ಣ ಮುಚ್ಚಿ ಮಲಗಿದ್ಲು.

ಈಗ ನನ್ನ ಗಿಡದಾಗೂ ಒಂದ ಹಣ್ಣ ನೆಟ್ಟಗಿಲ್ಲ, ಎಲ್ಲಾಕ್ಕೂ ತೂತು. ಸಿಟ್ಟಿಗೆ ಗಿಡಾನ ಕಿತ್ತ ಒಗೀಬೇಕ ಅನಸ್ತೈತಿ. ಬಾಜೂದವರು ಗ್ವಾಡಿ ಮ್ಯಾಲಿಂದ ಇಣಕಿ, "ಹುಳದ ಕಾಟ ಭಾಳ ಆಗೇತ್ರಿ ಸರ, ನೀವರ ಏನ ಮಾಡ್ತೀರಿ" ಅಂದ್ರು. ನನ್ನ ಕೈಗುಣದ ಸುದ್ದಿ ಯಾರೂ ತಗೀಲಿಲ್ಲ. ಗಂಡಸಿನ ಗಿಡಕ್ಕ ಬರೇ ಹುಳ ಬೀಳ್ತಾವ ನೋಡ್ರಿ.

ಕಾಕು ಇದ್ದಿದ್ರ ಈ ತೂತಿನ ಹಣ್ಣೆಲ್ಲಾ ಚೀಲದಾಗ ತುಂಬಿ ಬನಹಟ್ಟಿಗೆ ಒಯ್ದು, ಆಕಿ ಮುಂದ ಸುರೀತಿದ್ದೆ. ನೋಡ ಕಾಕು, ನನ್ನ ಹಣ್ಣೂ ತಿಂದಾವ...