ಪೊನ್ನಮ್ಮನ ಒಂದು ಬಾಂಡ್ಲಿ ಗಾರೆ

ವಿದ್ಯಾನಗರದ ನಮ್ಮ ಮನೆಯ ಎದುರು ಕಾಂಪೌಂಡ್ ಗೋಡೆ ಏಳುತ್ತಿದೆ. ಮೊನ್ನೆ ಬೆಳಿಗ್ಗೆ ಕೂಲಿಯ ಹೆಂಗಸೊಬ್ಬಳು ಹಿಂದಿನ ದಿನ ಮಿಕ್ಕ ಗಾರೆಗೆ ನೀರು ಹುಯ್ಯುವುದನ್ನು ಕಂಡು ಮೇಸ್ತ್ರಿ ಗದರಿದ: "ಅದು ಸೆಟ್ ಆಗೋಗಿದೆ ಕಣಮ್ಮ, ಇನ್ನು ಹಿಡಿಯಲ್ಲ, ಬಿಸಾಕು!" ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ನನಗೆ ಪೊನ್ನಮ್ಮ ನೆನಪಾದರು.

ಪೊನ್ನಮ್ಮ ಭದ್ರಾವತಿ ನ್ಯೂಟೌನಿನಲ್ಲಿ ನಮ್ಮ ಸೋದರತ್ತೆಯ ಪಕ್ಕದ ಮನೆಯವರು. ಚಿಕ್ಕ ವಯಸ್ಸಿನಲ್ಲೇ ತಮಿಳು ಸೀಮೆಯಿಂದ ಕೂಲಿಗೆಂದು ಬಂದು ಇಲ್ಲೇ ನೆಲೆನಿಂತವರು, ಮಗ ಕಾರ್ಖಾನೆಯಲ್ಲಿದ್ದ. ನೀವೂ ಈ ಕಡೆಯವರಾದರೆ ಬಲ್ಲಿರಿ, ತೊಂಬತ್ತರ ದಶಕದಲ್ಲಿ ಮನೆಗೆ ಬಂದ ನೆಂಟರನ್ನು ಡ್ಯಾಮ್ ತೋರಿಸದೆ ಕಳಿಸುವುದು ಮರ್ಯಾದೆಯಾಗಿರಲಿಲ್ಲ. ಹತ್ತಿರದ ಗಾಜನೂರು ಡ್ಯಾಮಿಗಾದರೆ ಒಂದು ಸಂಜೆ ಸಾಕು. ಭದ್ರಾ ಡ್ಯಾಮಿಗೆ ಮಾತ್ರ ಬಾಡಿಗೆ ವ್ಯಾನು, ಚಿತ್ರಾನ್ನದ ಡಬ್ಬಿ, ಇಡೀ ಭಾನುವಾರ ಬೇಕು. ಆಗ ನಮ್ಮ ಮನೆಯಿದ್ದ ದುರ್ಗಿಗುಡಿಯಿಂದ ಹೊರಟ ನಾವು ಅತ್ತೆಯನ್ನು ಹತ್ತಿಸಿಕೊಳ್ಳುವಾಗ ಪೊನ್ನಮ್ಮ ಯಾರೂ ಕರೆಯದಿದ್ದರೂ ಒಗೆದ ಸೀರೆಯುಟ್ಟು ಗೇಟಿನ ಬಳಿ ನಿಂತಿರುತ್ತಿದ್ದರು.

ಕಾಲೇಜು ಓದುತ್ತಿದ್ದ ನಾನು ಬಿಟ್ಟಿ ಗೈಡ್. ಎತ್ತರ, ಉದ್ದ, ಎಡದಂಡೆ, ಬಲದಂಡೆ ಎಲ್ಲ ಬಾಯಿಪಾಠ. ಗೊತ್ತಿಲ್ಲದ್ದನ್ನು ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ. ನೆಂಟರು ಮೇಲೆ ನಿಂತು ಹಿನ್ನೀರು, ನಡುಗಡ್ಡೆ, ಸುತ್ತಲ ಬೆಟ್ಟ ನೋಡಿ ಬಾಯಿ ಬಿಡುವಾಗ ಪೊನ್ನಮ್ಮ ಕೆಳಗೇ ಉಳಿದು, ತಲೆಯೆತ್ತಿ ಗೋಡೆಯನ್ನೇ ನೋಡುತ್ತಿರುತ್ತಿದ್ದರು. ಊಟದ ಹೊತ್ತಿಗಷ್ಟೇ ನಮ್ಮೊಡನೆ ಸೇರುತ್ತಿದ್ದರು. ಅವರು ಬರುವುದೇ ಚಿತ್ರಾನ್ನಕ್ಕೆ ಎಂದು ಅತ್ತೆಯ ಕಿವಿಯಲ್ಲಿ ಹೇಳಿ ನಾನು ನಕ್ಕಿದ್ದೂ ಉಂಟು. ನೆನೆದರೆ ಈಗ ನಾಚಿಕೆಯಾಗುತ್ತದೆ.

ಒಮ್ಮೆ ಕೇಳಿಯೇಬಿಟ್ಟೆ. "ಆ ಗೋಡೇಲಿ ಏನ್ ನೋಡ್ತೀರ ಪೊನ್ನಮ್ಮ?"

"ಯಾರ್ಗೂ ಹೇಳ್ಬೇಡ ತಂಬಿ" ಎಂದು ಶುರು ಮಾಡಿದರು. ಈ ಡ್ಯಾಮ್ ಕಟ್ಟುವಾಗ ಅವರು ಗಾರೆ ಹೊರುವ ಹೆಂಗಸರ ಸಾಲಿನಲ್ಲಿದ್ದರಂತೆ. ಸುಣ್ಣಕ್ಕೆ ಇಟ್ಟಿಗೆಪುಡಿ ಸೇರಿಸಿ ಅರೆದ ಗಾರೆ ಬಾಂಡ್ಲಿಗಳಲ್ಲಿ ಕೈಯಿಂದ ಕೈಗೆ ದಾಟುತ್ತಿತ್ತಂತೆ. ಒಂದು ದಿನ ಮರಕ್ಕೆ ಕಟ್ಟಿದ ಸೀರೆತೊಟ್ಟಿಲಲ್ಲಿ ಕೂಸು ಜ್ವರಕ್ಕೆ ಅಳುತ್ತಿತ್ತು.

"ಹೊಸ ಗಾರೆ ಬರೋದು ತಡ. ನಿನ್ನೇದು ಮೂಲೇಲಿ ಬಿದ್ದಿತ್ತು. ನೀರ್ ಹಾಕಿ ಕಲ್ಸಿ ಕೊಟ್ಬಿಟ್ಟೆ, ಮಗು ಹತ್ರ ಓಡ್ದೆ. ಮೇಸ್ತ್ರಿ ನೋಡ್ಲಿಲ್ಲ. ಅದೋ, ಗೇಟ್ ಪಕ್ಕ, ಅಲ್ಲಿ. ಆ ಜಾಗ ಬಿಟ್ಕೊಂಡ್ರೆ ಭದ್ರಾವತಿ ಪೂರಾ ಹೋಗುತ್ತೆ ತಂಬಿ. ನನ್ ಮಗ, ಮೊಮ್ಮಕ್ಳು ಎಲ್ಲಾ ಅಲ್ಲೇ ಇದಾರೆ."

ನಾನು ಬಿದ್ದು ಬಿದ್ದು ನಕ್ಕೆ. "ಇಷ್ಟು ದೊಡ್ಡ ಡ್ಯಾಮಿಗೆ ಒಂದು ಬಾಂಡ್ಲಿ ಯಾವ ಲೆಕ್ಕ?"

"ನಂದು ಒಂದು. ಬೇರೇವ್ರೂ ಒಂದೊಂದು ಹಾಕಿದ್ರೆ?"

ನಾನು ಮತ್ತೆ ನಕ್ಕು, ನೆಂಟರಿಗೆ ಎಡದಂಡೆ, ಬಲದಂಡೆ ತೋರಿಸಲು ಮೇಲೆ ಹೋದೆ.

ಅವರನ್ನು ಕೊನೆಯ ಸಲ ಕರೆದುಕೊಂಡು ಹೋದಾಗ ಆಗಸ್ಟ್ ತಿಂಗಳು, ನಾನು ಕೆಲಸಕ್ಕೆ ಸೇರಿ ಆಗಿತ್ತು. ಪೊರೆ ಬಂದು ಪೊನ್ನಮ್ಮನ ಕಣ್ಣು ಮಂಜಾಗಿತ್ತು. ಗೇಟು ತೆಗೆದಿದ್ದರಿಂದ ಎದ್ದ ನೀರಿನ ಹೊಗೆಯಲ್ಲಿ ನನಗೂ ಗೋಡೆ ಸರಿಯಾಗಿ ಕಾಣುತ್ತಿರಲಿಲ್ಲ. ಅವರು ನನ್ನ ಕೈ ಹಿಡಿದುಕೊಂಡರು.

"ಆ ಜಾಗ ಜಿನುಗ್ತಿದ್ಯಾ? ಸರಿಯಾಗ್ ನೋಡಿ ಹೇಳು."

"ಇಲ್ಲ ಪೊನ್ನಮ್ಮ, ಗಟ್ಟಿಯಾಗಿದೆ" ಎಂದುಬಿಟ್ಟೆ.

ಅವರು ಗೋಡೆಯ ಕಡೆ ಕೈ ಮುಗಿದು, ಅಲ್ಲೇ ಕಲ್ಲೊಂದರ ಮೇಲೆ ಕುಳಿತು ಅತ್ತರು. ಮುಂದಿನ ಸಲ ನಾವು ಕರೆದಾಗ, ಇನ್ನೇನು ನೋಡೋದಿದೆ, ನೀವು ಹೋಗ್ಬನ್ನಿ ಎಂದರು. ಮರುವರ್ಷ ತೀರಿಕೊಂಡರು.

ಆಮೇಲೆ ಎಷ್ಟೋ ಸಲ ಹೋಗಿದ್ದೇನೆ. ಗೋಡೆ ಗಟ್ಟಿಯಾಗಿಯೇ ಇದೆ. ಆದರೂ ಗೇಟು ತೆಗೆದ ಸುದ್ದಿ ಕೇಳಿದ ದಿನ ಏನಾದರೊಂದು ನೆಪ ಹುಡುಕಿ ಭದ್ರಾವತಿಯಲ್ಲಿರುವ ಅತ್ತೆಯ ಮಗನಿಗೆ ಫೋನ್ ಮಾಡುತ್ತೇನೆ.

"ಅಲ್ಲೆಲ್ಲ ಸರಿಯಾಗಿದ್ಯೇನೋ?"

"ಇದ್ಯಲ್ಲ ಮಾರಾಯ, ಸರಿ ಇರ್ದೆ ಏನಾಗುತ್ತೆ?"

ಅವನಿಗೆ ಏನೆಂದು ಹೇಳಲಿ? ಒಂದು ಬಾಂಡ್ಲಿಯಷ್ಟು ತಪ್ಪಿಗೆ ಪೊನ್ನಮ್ಮ ಜೀವಮಾನವಿಡೀ ಆ ಗೋಡೆಯನ್ನು ಕಾದರು. ನೋಡದೆಯೇ ಗಟ್ಟಿಯಾಗಿದೆ ಎಂದವನು ನಾನು. ಈಗ ಕಾಯುವ ಸರದಿ ನನ್ನದು.