ಟೈಲರ್ ಕಟ್ಟಿದ ದಂಡು

ನಮ್ಮ ಬೀದಿಯ ಟೈಲರ್ ಸೋಲುವುದನ್ನೂ ಹೊಲಿಗೆಯಷ್ಟೇ ಶ್ರದ್ಧೆಯಿಂದ ಮಾಡುತ್ತಾನೆ. ಭಾನುವಾರ ಅಂಗಡಿಯ ಷಟರ್ ಅರ್ಧ ಎಳೆದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಸಿರು ಲೈನಿಂಗ್ ಹಾಸಿ, ಅದರಡಿ ತುಂಡುಬಟ್ಟೆ ತುರುಕಿ ಗುಡ್ಡ ಎಬ್ಬಿಸಿ, ತಾನೇ ಬಣ್ಣ ಬಳಿದ ಬೆರಳುದ್ದದ ಗೊಂಬೆ ಸೈನಿಕರನ್ನು ಎರಡು ದಂಡಾಗಿ ಎದುರುಬದುರು ನಿಲ್ಲಿಸುತ್ತಾನೆ. ಈ ಯುದ್ಧದಾಟದಲ್ಲಿ ಎದುರಾಳಿ ಗಡಿಯಾರ ರಿಪೇರಿಯವನು, ಬಾಲ್ಯದ ಗೆಳೆಯ. ದಾಳ ಉರುಳಿಸುತ್ತಾ, ಕೊರಳಿನ ಟೇಪಿನಿಂದ ಒಂದೊಂದು ಹೆಜ್ಜೆಯನ್ನೂ ಅಳೆಯುತ್ತಾ ಆಡಿದರೂ ಸಂಜೆಯೊಳಗೆ ಟೈಲರ್ ದಂಡು ದಿಕ್ಕಾಪಾಲು. ದಾಳವನ್ನು ಅವನು ಎಂದೂ ಬೈದವನಲ್ಲ. ಸತ್ತವರನ್ನು ಬಿದ್ದಲ್ಲೇ ಬಿಟ್ಟು, ಗೆಳೆಯನ ಕುರ್ಚಿಯಲ್ಲಿ ಕೂತು, ತನ್ನ ಸೈನ್ಯವನ್ನು ಶತ್ರುವಿನ ಕಣ್ಣಿನಿಂದ ನೋಡುತ್ತಾನೆ. ಸೋಮವಾರ ಹೋದ ಗಿರಾಕಿಗಳು ಹೆಣಗಳ ಪಕ್ಕದಲ್ಲೇ ನಿಂತು ಅಳತೆ ಕೊಡಬೇಕು. "ಎಡಗಡೆ ಸಡಿಲ ಬಿಟ್ಟಿದ್ದೆ, ಅಲ್ಲೇ ನುಗ್ಗಿಬಿಟ್ಟ," ಎಂದು ಅವರ ಸೊಂಟಕ್ಕೆ ವರದಿ ಒಪ್ಪಿಸುತ್ತಾನೆ. ಮರುವಾರ ಎಡಗಡೆ ಬಂಡೆಯಂತೆ ನಿಲ್ಲುತ್ತದೆ. ಸೋಲು ಬಲಗಡೆಯಿಂದ ಬರುತ್ತದೆ. "ಸರಿ, ಅದನ್ನೂ ಕಲಿತೆ," ಎಂದು ಮತ್ತೆ ಆ ಕುರ್ಚಿಗೆ ಹೋಗುತ್ತಾನೆ. ಈಚೆಗೆ ಗೆಳೆಯನ ಕೈ ನಡುಗುತ್ತದೆ. ಒಬ್ಬ ಸೈನಿಕನನ್ನು ಎತ್ತಲು ಹೋದರೆ ಸುತ್ತಲಿನವರೆಲ್ಲ ಉರುಳುತ್ತಾರೆ. ಹಾಗಾಗಿ ಅವನು ಬಾಯಲ್ಲಿ ಹೇಳುತ್ತಾನೆ, ಟೈಲರೇ ಎರಡೂ ದಂಡು ನಡೆಸುತ್ತಾನೆ. ತನ್ನನ್ನು ಕೊಲ್ಲಬಂದವರನ್ನೂ ಒಂದು ನೂಲು ಕಡಿಮೆಯಾಗದಂತೆ ಅಳೆದು ಮುಂದಿಡುತ್ತಾನೆ. ಮೊನ್ನೆ ಗೆಳೆಯನಿಗೆ ಏನನ್ನಿಸಿತೋ, ಬೇಕೆಂದೇ ಸೋಲಲು ನೋಡಿದ. "ನನ್ನ ಕುದುರೆಪಡೆ ಅಲ್ಲೇ ಇರ್ಲಿ ಬಿಡೋ," ಎಂದ. "ಗುಡ್ಡದ ಹಿಂದೆ ದಾರಿ ಖಾಲಿ ಇದೆ, ಕಾಣಲ್ವೇನೋ? ನೆಟ್ಟಗೆ ಆಡು," ಎಂದವನೇ ಟೈಲರ್ ಟೇಪು ಹಿಡಿದು, ಆ ಕುದುರೆಗಳನ್ನು ತನ್ನ ದಂಡಿನ ಬೆನ್ನಿಗೇ ತಂದು ನಿಲ್ಲಿಸಿ, ದಾಳವನ್ನು ಗೆಳೆಯನ ನಡುಗುವ ಅಂಗೈಯಲ್ಲಿಟ್ಟ.