ಒಸಾಕಾದ ಆ ಕಿಟಕಿ

ಸ್ಯಾನ್ ಡಿಯಾಗೋದ ಕಾರ್ಮೆಲ್ ವ್ಯಾಲಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಆಂಟಿ ಇದ್ದರು. ಸ್ಕೂಲು, ಈಜು, ಪಿಟೀಲು ಅಂತ ಮೊಮ್ಮಕ್ಕಳನ್ನು ಕೂರಿಸಿಕೊಂಡು ದಿನವಿಡೀ ಡ್ರೈವ್ ಮಾಡುತ್ತಿದ್ದರು. ಟೀ ಶರ್ಟ್ ಹಾಕಿದ್ದರೂ ಮಾತಿನ ನಡುವೆ ಕೈ ಭುಜಕ್ಕೆ ಹೋಗಿ ಇಲ್ಲದ ಸೆರಗನ್ನು ಸರಿಮಾಡುತ್ತಿತ್ತು.

ಒಮ್ಮೆ ಬೆಂಗಳೂರಿಗೆ ಹೋಗುವಾಗ ಅವರು ಅಂಕಲ್ ಜೊತೆ ಒಸಾಕಾದಲ್ಲಿ ಇಳಿದು, ಹನ್ನೆರಡೇ ರೂಮಿನ ಒಂದು ಐಷಾರಾಮಿ ಹೋಟೆಲಿನಲ್ಲಿ ಮೂರು ದಿನ ತಂಗಿದ್ದರು. "ಕಿಟಕೀಲಿ ನೋಡಿದ್ರೆ ಕೆಳಗೆ ಅಷ್ಟು ಜನ, ಮೇಲೆ ಒಂದು ಸದ್ದೂ ಇಲ್ಲ. ಟೀ ತಂದಿಟ್ಟು ಹೋಗ್ತಾರೆ. ಯಾರೂ ನನ್ನನ್ನ ಏನೂ ಕೇಳಲ್ಲ ಕಣೆ," ಎನ್ನುತ್ತಿದ್ದರು. ಎಷ್ಟು ಸಲ ಹೇಳಿದರೂ ಕೊನೆಗೆ ಇದೇ ಮಾತು. ಮತ್ತೆ ಬುಕ್ ಮಾಡಿದ ವರ್ಷ ಕೊರೊನಾ ಬಂತು. ಆಮೇಲೆ ಅಂಕಲ್‌ಗೆ ಹಾರ್ಟ್ ಆಪರೇಷನ್ ಆಯಿತು, ದೂರದ ಪ್ರಯಾಣ ಬೇಡವೆಂದರು ಡಾಕ್ಟರು.

ನಾನು ಲಾಸ್ ಏಂಜಲೀಸಿಗೆ ಮನೆ ಬದಲಿಸಿದ ಮೇಲೆ, ಕೆಲಸದ ನಿಮಿತ್ತ ಒಸಾಕಾಗೆ ಹೋಗಬೇಕಾಯಿತು. ಅದೇ ಹೋಟೆಲಿನಲ್ಲಿ ಉಳಿದು, ಬೆಳಿಗ್ಗೆ ಅವರಿಗೆ ವಿಡಿಯೋ ಕಾಲ್ ಮಾಡಿದೆ. ಅವರಿಗೆ ಆಗ ಸಂಜೆ, ಅಡುಗೆಯ ಹೊತ್ತು.

"ಫೋನನ್ನ ಕಿಟಕಿ ಕಡೆ ತಿರುಗಿಸ್ತೀಯಾ?" ಎಂದರು.

ಕೆಳಗೆ ಕಾಲುವೆ, ಸೇತುವೆಯ ಮೇಲೆ ಕೊಡೆ ಹಿಡಿದು ಆಫೀಸಿಗೆ ಹೊರಟವರ ಸಾಲು. ಆಂಟಿ ನೋಡುತ್ತಲೇ ಇದ್ದರು. ಅವರ ಹಿಂದೆ ಕುಕ್ಕರ್ ಕೂಗಿತು. ಮತ್ತೆ ಮತ್ತೆ ಕೂಗಿತು.

"ಎಷ್ಟು ಕೂಗಿಸ್ತೀಯೆ, ಆಫ್ ಮಾಡಲ್ವಾ?" ಅಂಕಲ್ ದನಿ ಕೇಳಿಸಿತು.

"ನೀವೇ ಮಾಡಿ," ಎಂದರು ಆಂಟಿ, ಕಣ್ಣು ಕದಲಿಸದೆ.

ನನ್ನ ಕೈ ನೋಯುತ್ತಿತ್ತು. ಆದರೂ ಫೋನನ್ನು ಅಲುಗಿಸಲಿಲ್ಲ.